ಅರಳುಮರಳು: ತಪ್ಪು ಯಾರದು?

“ಅರವತ್ತಕ್ಕೆ ಅರಳುಮರಳು” ಎಂದು ಗಾದೆ ಹಗುರವಾಗಿ ನಕ್ಕುಬಿಡುತ್ತದೆ. ಹೆತ್ತ ತಾಯಿಯೇ ಮಗಳನ್ನು ಕಳ್ಳಿ ಎಂದು ಕೂಗುವ ಮನೆಯಲ್ಲಿ ಆ ನಗೆಗೆ ಎಡೆಯಿಲ್ಲ. ಮರೆವನ್ನಾದರೂ ಮನೆಯವರು ಸಹಿಸಿಯಾರು. ಸಂಶಯ, ಸಿಟ್ಟು, ಇಲ್ಲದವರನ್ನು ಕಾಣುವ ಭ್ರಮೆ ಅವರನ್ನು ಕುಗ್ಗಿಸಿಬಿಡುತ್ತವೆ. “ಒಳಗಿದ್ದ ಸ್ವಭಾವವೇ ಈಗ ಹೊರಬಂತು” ಎಂದು ನೆರೆಹೊರೆ ತೀರ್ಪು ಕೊಡುತ್ತದೆ. ಈ ತೀರ್ಪು ನ್ಯಾಯವೆ?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಸೇರಿದ ಆಗುಸ್ಟೆ ಡೇಟರ್ ಎಂಬ ಹೆಂಗಸಿನಲ್ಲಿ ಮೊದಲು ಕಂಡುಬಂದದ್ದು ಗಂಡನ ಮೇಲಿನ ಅಕಾರಣ ಶಂಕೆ. ಆಕೆ ತೀರಿಕೊಂಡ ಮೇಲೆ, 1906ರಲ್ಲಿ, ವೈದ್ಯ ಆಲ್ಜೈಮರ್ ಅವರು ಆಕೆಯ ಮಿದುಳಿನ ವಿಕಾರಗಳನ್ನು ವಿದ್ವಾಂಸರ ಮುಂದಿರಿಸಿದರು. ಶೀಲದ ದೋಷವೆಂದು ತೋರಬಹುದಾಗಿದ್ದದ್ದು ಮಿದುಳಿನ ಬೇನೆಯಾಗಿತ್ತು.

ಒಂದೇ ಬೇನೆ ಒಬ್ಬರನ್ನು ಮೌನಕ್ಕೆ, ಇನ್ನೊಬ್ಬರನ್ನು ರೋಷಕ್ಕೆ ಒಯ್ಯುವುದೇಕೆ? ಉತ್ತರದ ಒಂದು ಭಾಗ ವಂಶವಾಹಿಗಳಲ್ಲಿದೆ. ಭ್ರಮೆಗೊಳಗಾದ ರೋಗಿಯ ಒಡಹುಟ್ಟಿದವರಿಗೂ ಈ ರೋಗ ಬಂದಲ್ಲಿ, ಅವರಲ್ಲಿಯೂ ಭ್ರಮೆ ಕಾಣುವ ಸಂಭವ ಹೆಚ್ಚೆಂದು ಕುಟುಂಬಗಳ ಅಧ್ಯಯನಗಳು ತೋರಿವೆ. 19ನೆಯ ವರ್ಣತಂತುವಿನಲ್ಲಿರುವ ಅಪೋ-ಇ ವಂಶವಾಹಿಯ ನಾಲ್ಕನೆಯ ರೂಪವು ಆಲ್ಜೈಮರ್ ರೋಗದ ಅಪಾಯವನ್ನು ಹೆಚ್ಚಿಸುವುದು ನಿಶ್ಚಿತ. ಭ್ರಮೆ, ಖಿನ್ನತೆಗಳಿಗೂ ಅದೇ ಕಾರಣವೆ ಎಂಬಲ್ಲಿ ಸಂಶೋಧಕರಲ್ಲಿ ಒಮ್ಮತವಿಲ್ಲ. ಆ ರೂಪವನ್ನು ಪಡೆದವರೆಲ್ಲ ರೋಗಿಗಳಾಗುವುದೂ ಇಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳು, ನೆನಪು, ವಂಶವಾಹಿಗಳನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು ಪರಿಶೀಲಿಸುತ್ತಿರುವುದು ನಮ್ಮ ನೆಲದ ಉತ್ತರವನ್ನರಸಿಯೇ.

ವಂಶವಾಹಿ ಭ್ರಮೆಗೆ ಎಡೆ ಮಾಡಿಕೊಟ್ಟರೂ ಅದಕ್ಕೆ ರೂಪು ಕೊಡುವುದು ಬಾಳಿದ ಬದುಕು. ಸಂಜೆಯಾಗುತ್ತಲೇ “ಮನೆಗೆ ಹೋಗಬೇಕು” ಎಂದು ಹಟ ಹಿಡಿಯುವುದು ಈ ರೋಗಿಗಳಲ್ಲಿ ಸಾಮಾನ್ಯ. ಪಿರಿಯಾಪಟ್ಟಣದ ಅಜ್ಜಿಗೆ ಆ ಮನೆ ತವರಿನ ತೊಟ್ಟಿಮನೆಯಾದೀತು. 1960ರ ದಶಕದಲ್ಲಿ ಕಾಡು ಕಡಿದು ಬೈಲಕುಪ್ಪೆಯಲ್ಲಿ ನೆಲೆನಿಂತ ಟಿಬೆಟಿನ ಹಿರಿಯರಿಗೆ ಅದು ಹಿಮಾಲಯದ ಆಚೆಯದಾದೀತು. ರೋಗ ಎಲ್ಲಿ ಮುಗಿಯಿತು, ಹಂಬಲ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಬಲ್ಲವರು ಯಾರು?

ಆದುದರಿಂದ ವಾದಿಸದೆ, ಕೈಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆಯುವುದು ಲೇಸು. ವರ್ತನೆ ಹಠಾತ್ತನೆ ಕೆಟ್ಟರೆ ಮೊದಲು ನೋಡಬೇಕಾದದ್ದು ನೋವು, ಮೂತ್ರದ ಸೋಂಕು, ಮಲಬದ್ಧತೆ, ಔಷಧಗಳ ಅಡ್ಡಪರಿಣಾಮ, ಇವುಗಳಿಗೆ ಚಿಕಿತ್ಸೆಯುಂಟು. “ಆ ಮನೆತನಕ್ಕೇ ಹುಚ್ಚು” ಎಂದು ಕೂಡಿಬಂದ ಸಂಬಂಧವನ್ನು ಮುರಿಯುವವರಿಗೂ ಒಂದು ಮಾತು: ತೀರ ವಿರಳವಾದ ಕೆಲವು ಕುಟುಂಬಗಳನ್ನು ಬಿಟ್ಟರೆ, ವಂಶವಾಹಿ ತರುವುದು ಸಂಭವವನ್ನು ಮಾತ್ರ. ಕಳ್ಳಿ ಎನಿಸಿಕೊಂಡ ಮಗಳು ನಿರಪರಾಧಿ. ಹಾಗೆಂದ ತಾಯಿಯೂ ನಿರಪರಾಧಿ.