ಹಡಗಿನ ಧೂಳು, ಎದೆಯ ಕೆಮ್ಮು

ಇಂದಿನ ಮಾತು ನೌಕಾಪಡೆಯಲ್ಲಿ ದುಡಿದು, ಈಗ ಕೋಡಂಬಾಕ್ಕಂ ಸುತ್ತಮುತ್ತ ನೆಲೆಸಿರುವ ನಮ್ಮ ಹಿರಿಯರಿಗೆ.

1961ರಲ್ಲಿ ಸೇವೆಗೆ ಬಂದ ನಮ್ಮ ಹಳೆಯ ವಿಕ್ರಾಂತ್‌ನ ಕಾಲದಲ್ಲಿ ಯುದ್ಧನೌಕೆಗಳ ಬಾಯ್ಲರಿಗೆ, ಹಬೆಯ ಪೈಪುಗಳಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸುತ್ತುವುದು ಜಗತ್ತಿನಾದ್ಯಂತ ರೂಢಿಯಾಗಿತ್ತು. ರಿಪೇರಿಗೆಂದು ಬಿಚ್ಚಿದಾಗ ಏಳುವ ಧೂಳು ಶ್ವಾಸಕೋಶಕ್ಕಿಳಿದರೆ ಅಲ್ಲೇ ಉಳಿದುಬಿಡುತ್ತದೆ. ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೀಸೋಥೀಲಿಯೋಮ, ಇವು ತಲೆದೋರಲು 20ರಿಂದ 40 ವರ್ಷ ಹಿಡಿಯಬಹುದು. ಸಮವಸ್ತ್ರ ಕಳಚಿ ಮೊಮ್ಮಕ್ಕಳನ್ನು ಆಡಿಸುವ ಹೊತ್ತಿಗೆ! ಸಿಗರೇಟಿನ ಚಟವೂ ಇದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು.

ಫ್ರಾನ್ಸಿನ ಕ್ಲೆಮೆನ್ಸೊ ನೌಕೆ ಒಡೆಸಿಕೊಳ್ಳಲು ಗುಜರಾತಿನ ಅಲಂಗ್‌ಗೆ ಹೊರಟಿತ್ತು. ಕಲ್ನಾರಿನ ವಿವಾದವೆದ್ದು 2006ರಲ್ಲಿ ಹಿಂದಕ್ಕೆ ಕರೆಸಿಕೊಂಡರು. ಒಡೆಯುವವರಿಗೆ ಅಪಾಯವಾದದ್ದು ಅದರೊಳಗೇ ದುಡಿದವರಿಗೆ ಆಗದಿದ್ದೀತೇ? ಅಮೆರಿಕ 2022ರ ಪ್ಯಾಕ್ಟ್ ಕಾಯ್ದೆಯಲ್ಲಿ, ಯುದ್ಧಭೂಮಿಯ ವಿಷದ ಹೊಗೆ ಕುಡಿದ ಸೈನಿಕರ ಹಲವು ಕ್ಯಾನ್ಸರುಗಳಿಗೆ ಸೇವೆಯೇ ಕಾರಣವೆಂದು ಒಪ್ಪಿಕೊಂಡಿತು.

ಮೂರು ವಾರ ಬಿಡದ ಕೆಮ್ಮು, ಏದುಸಿರು ಇದ್ದರೆ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಹೋಗಿ. "ಸಿಗರೇಟು ಸೇದ್ತೀರಾ?" ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. "ಬಾಯ್ಲರ್ ರೂಮಿನಲ್ಲಿದ್ರಾ?" ಎಂದು ಕೇಳಲಿಕ್ಕಿಲ್ಲ. ನೀವೇ ಹೇಳಿ. ಹಡಗಿನ ಹೆಸರು, ಇಸವಿ, ಮಾಡಿದ ಕೆಲಸ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡಿಸ್ಚಾರ್ಜ್ ಪುಸ್ತಕದ ಜೊತೆ ಇಟ್ಟುಕೊಂಡಿರಿ. ಮನೆಯವರಿಗೂ ಅದು ಎಲ್ಲಿದೆಯೆಂದು ಗೊತ್ತಿರಲಿ.