ಹದಿನೇಳರ ಹೊಸ್ತಿಲಲ್ಲಿ ಒಂದು ಅರ್ಜಿ



2023ರ ಮೇ 10, ವಿಧಾನಸಭಾ ಚುನಾವಣೆಯ ದಿನ. ಚಿತ್ರೀಕರಣದ ತಂಡದೊಡನೆ ನಾನು ವರ್ತೂರಿನ ಒಂದು ಮತಗಟ್ಟೆಯ ಹೊರಗೆ ನಿಂತಿದ್ದೆ. ಒಬ್ಬ ವಿದ್ಯಾರ್ಥಿ ಒಳಗೆ ಹೋದವನು ಎರಡೇ ನಿಮಿಷದಲ್ಲಿ ಹೊರಗೆ ಬಂದ. ಕೈಯಲ್ಲಿ ಆಧಾರ್ ಕಾರ್ಡು, ಕಾಲೇಜಿನ ಗುರುತಿನ ಚೀಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರೂ ಇದ್ದವು. ಬೆರಳಿಗೆ ಮಾತ್ರ ಶಾಯಿ ಬಿದ್ದಿರಲಿಲ್ಲ. "ಹದಿನೆಂಟು ತುಂಬಿದ್ಮೇಲೆ ಹೆಸರು ತಾನಾಗೇ ಸೇರಲ್ವಾ ಸಾರ್?" ಎಂದು ಕೇಳಿದ. ನಾನು ಅವನಿಗೆ ಕೊಟ್ಟ ಉತ್ತರವೇ ಇಂದಿನ ಮಾತಿನ ವಿಷಯ. ಇಲ್ಲ, ಹೆಸರು ತಾನಾಗಿ ಸೇರುವುದಿಲ್ಲ. ನಾವೇ ಸೇರಿಸಬೇಕು.

ಅವನ ನಿರಾಸೆ ನನಗೆ ಹೊಸದಲ್ಲ. ನಾನು ಹುಟ್ಟಿದ್ದು 1981ರ ಫೆಬ್ರವರಿಯಲ್ಲಿ. 1999ರಲ್ಲಿ ಲೋಕಸಭೆಗೂ ನಮ್ಮ ವಿಧಾನಸಭೆಗೂ ಚುನಾವಣೆ ನಡೆದಾಗ ನನಗೆ ಹದಿನೆಂಟೂವರೆ ವರ್ಷ. ಆದರೂ ಮತ ಹಾಕಲಾಗಲಿಲ್ಲ. ಆಗಿನ ನಿಯಮದಂತೆ ಆ ವರ್ಷದ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. ಒಂದೇ ತಿಂಗಳ ಅಂತರದಲ್ಲಿ ನಾನು ಹೊರಗುಳಿದೆ. ಮೊದಲ ಮತ ಹಾಕಿದ್ದು 2004ರಲ್ಲಿ, ಇಪ್ಪತ್ಮೂರನೆಯ ವಯಸ್ಸಿನಲ್ಲಿ.

ಈ ನಿಯಮಗಳು ಬೆಳೆದು ಬಂದ ದಾರಿಯನ್ನು ನೋಡೋಣ. ಸಂವಿಧಾನದ 326ನೇ ವಿಧಿಯು ಮೊದಲು ಮತದಾನದ ವಯಸ್ಸನ್ನು ಇಪ್ಪತ್ತೊಂದು ಎಂದು ನಿಗದಿ ಮಾಡಿತ್ತು. 61ನೇ ತಿದ್ದುಪಡಿಯಿಂದ 1989ರ ಮಾರ್ಚ್ 28ರಂದು ಅದು ಹದಿನೆಂಟಕ್ಕೆ ಇಳಿಯಿತು. ಆದರೆ ವರ್ಷಕ್ಕೊಂದೇ ಅರ್ಹತಾ ದಿನಾಂಕವೆಂಬ ಕಟ್ಟು ಹಾಗೆಯೇ ಉಳಿಯಿತು. 2022ರ ಆಗಸ್ಟ್ 1ರಿಂದ ಅದೂ ಸಡಿಲವಾಗಿದೆ. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ದಿನಾಂಕಗಳಿವೆ. ಅಷ್ಟೇ ಅಲ್ಲ, ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಹದಿನೆಂಟು ತುಂಬಿದ ಬಳಿಕದ ಅರ್ಹತಾ ದಿನಾಂಕದ ತ್ರೈಮಾಸಿಕದಲ್ಲಿ ಅರ್ಜಿ ಪರಿಶೀಲನೆಗೆ ಬರುತ್ತದೆ.

ಹದಿನೇಳು ಎಂದರೆ ಮಕ್ಕಳು ಹೈಸ್ಕೂಲು ಮುಗಿಸಿ ಪಿಯುಸಿ ಬೆಂಚಿನಲ್ಲಿ ಕುಳಿತಿರುವ ವಯಸ್ಸು. ಕಾಲೇಜು ಬಿಟ್ಟ ಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ. ಎಲ್ಲರೂ ಒಂದೇ ಸೂರಿನಡಿ ಸಿಗುವ ಕೊನೆಯ ಘಟ್ಟ ಇದು. ಆದ್ದರಿಂದ ಈ ಕೆಲಸಕ್ಕೆ ಕಾಲೇಜಿಗಿಂತ ಒಳ್ಳೆಯ ಜಾಗವಿಲ್ಲ. 2018ರ ಜನವರಿ 25ರಂದು ಚುನಾವಣಾ ಆಯೋಗ ಆರಂಭಿಸಿದ ಮತದಾರರ ಸಾಕ್ಷರತಾ ಕ್ಲಬ್ಬುಗಳ ಉದ್ದೇಶವೂ ಇದೇ. ಒಂಬತ್ತು, ಹತ್ತನೇ ತರಗತಿಯವರಿಗೆ ಅರ್ಜಿ ಹಾಕುವ ವಯಸ್ಸಲ್ಲ, ನಿಜ. ಆದರೆ ಮನೆಯ ಹಿರಿಯರ ಹೆಸರು ಪಟ್ಟಿಯಲ್ಲಿ ಸರಿಯಾಗಿದೆಯೇ ಎಂದು ಓದಿ ಹೇಳಲು ಅವರಿಗಿಂತ ಯೋಗ್ಯರು ಯಾರಿದ್ದಾರೆ?

ಇನ್ನು ಅರ್ಜಿಯ ವಿಚಾರ. ಹೊಸದಾಗಿ ಸೇರುವವರಿಗೆ ನಮೂನೆ 6. ಒಂದು ಭಾವಚಿತ್ರ, ವಯಸ್ಸಿಗೊಂದು ದಾಖಲೆ, ವಾಸಕ್ಕೊಂದು ದಾಖಲೆ ಬೇಕು. ವಯಸ್ಸಿಗೆ ಹತ್ತನೇ ತರಗತಿಯ ಅಂಕಪಟ್ಟಿ ಸಾಕು. ಹೆಸರಿನ ಅಕ್ಷರಗಳನ್ನು ಅದರಲ್ಲಿ ಇರುವಂತೆಯೇ ಬರೆಯಿರಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು ಎಂದಾದರೆ ಮುಂದೆ ತೊಡಕು. ಅರ್ಜಿಯನ್ನು ಆಯೋಗದ ಜಾಲತಾಣದಲ್ಲಾದರೂ ಸಲ್ಲಿಸಬಹುದು, ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಕೈಗಾದರೂ ಕೊಡಬಹುದು. ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದನ್ನು ಮರೆಯಬೇಡಿ. ಬಿಎಲ್‌ಒ ಮನೆಗೆ ಬಂದು ವಿಚಾರಿಸುತ್ತಾರೆ. ಆಕ್ಷೇಪಣೆಗೆ ಏಳು ದಿನಗಳ ಅವಕಾಶವಿರುತ್ತದೆ. ಬಳಿಕ ನೋಂದಣಾಧಿಕಾರಿ ತೀರ್ಮಾನಿಸುತ್ತಾರೆ. ಅರ್ಜಿ ತಿರಸ್ಕೃತವಾದರೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ಸಂದೇಹವಿದ್ದರೆ 1950 ಸಂಖ್ಯೆಗೆ ಕರೆ ಮಾಡಿ.

ಒಂದು ಎಚ್ಚರಿಕೆಯ ಮಾತು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಯಾರ ಹೆಸರೂ ಸೇರುವುದಿಲ್ಲ. ಪರಿಶೀಲನೆಗೂ ಸಮಯ ಬೇಕಾದ್ದರಿಂದ ಅರ್ಜಿ ಅದಕ್ಕಿಂತ ಬಹಳ ಮೊದಲೇ ತಲುಪಿರಬೇಕು. ಮತಗಟ್ಟೆಯಿಂದ ಹಿಂದಿರುಗಿದ ಆ ಹುಡುಗನ ಕಷ್ಟಕ್ಕೆ ಮೂಲ ಇಲ್ಲಿದೆ.

ವರ್ತೂರಿನಂಥ ಊರಿನಲ್ಲಿ ಇನ್ನೊಂದು ಸಮಸ್ಯೆಯೂ ಇದೆ. ಇಲ್ಲಿ ತಲೆತಲಾಂತರದಿಂದ ಇದ್ದವರ ಜೊತೆಗೆ ಬಾಡಿಗೆ ಮನೆಯವರು, ಕಟ್ಟಡ ಕೆಲಸಕ್ಕೆ ಬಂದವರು ಬಹಳ. ಯಾದಗಿರಿ ಕಡೆಯಿಂದ ಬಂದ ಒಂದು ಕುಟುಂಬದಲ್ಲಿ ನಾನು ಕೇಳಿದ ಮಾತಿದು. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಳು. "ಅಪ್ಪಾ, ನಾ ಓದೂದು ಇಲ್ಲೇ, ನೀರಿನ ಟ್ಯಾಂಕರ್ ಕಾಯೂದು ಇಲ್ಲೇ, ಓಟು ಯಾಕ ಅಲ್ಲಿ?" ಎಂದಳು. ತಂದೆಯ ಉತ್ತರ: "ಊರಾಗ ನಮ್ಮ ಹೆಸರಾದ್ರೂ ಐತವ್ವ. ಇಲ್ಲಿ ನಮ್ಮನ್ನ ಯಾರು ಬಲ್ಲರು?"

ಆ ತಂದೆಯ ಅಳುಕನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾನೂನು ಕೇಳುವುದು ಒಬ್ಬರು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾರೆ ಎಂಬುದನ್ನು. ಎಲ್ಲಿ ಹುಟ್ಟಿದರು, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುದನ್ನಲ್ಲ. ದುಡಿಮೆಗಾಗಿ ಕೆಲಕಾಲ ಹೊರಗಿದ್ದ ಮಾತ್ರಕ್ಕೆ ಊರಿನ ಹೆಸರು ಹೋಗುವುದಿಲ್ಲ. ವರ್ಷಗಟ್ಟಲೆ ಇಲ್ಲೇ ನೆಲೆಸಿದವರು ನಮೂನೆ 8ರಲ್ಲಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬೇಕು. ಮಗಳದ್ದು ಮೊದಲ ನೋಂದಣಿ, ಅವಳು ನೇರವಾಗಿ ಇಲ್ಲೇ ಸೇರಬಹುದು. ಆದರೆ ಎರಡು ಕಡೆ ಹೆಸರು ಇರಬಾರದು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ, ಸುಳ್ಳೆಂದು ಗೊತ್ತಿದ್ದೂ ಅರ್ಜಿಯಲ್ಲಿ ಹೇಳಿಕೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ ಆಗಬಹುದು. ವರ್ತೂರು ಸೇರಿರುವ ಮಹದೇವಪುರ ಕ್ಷೇತ್ರದ ಪಟ್ಟಿಯ ಬಗ್ಗೆ 2025ರ ಆಗಸ್ಟ್‌ನಲ್ಲಿ ಆರೋಪಗಳು ಕೇಳಿಬಂದವು, ಆಯೋಗ ಅವನ್ನು ಒಪ್ಪಲಿಲ್ಲ. ಆ ವಾದಕ್ಕೆ ನಾನು ಹೋಗುವುದಿಲ್ಲ. ಒಂದು ಕ್ಷೇತ್ರದ ಹೆಸರುಗಳ ಪಟ್ಟಿ ಇಡೀ ದೇಶದ ಚರ್ಚೆಯಾಗಬಲ್ಲದು ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಸಂಗತಿ.

ನಾನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನು. ಶೇಕಡಾವಾರು ಲೆಕ್ಕ ಕಂಡಾಗ ಛೇದ ಯಾವುದೆಂದು ನೋಡುವುದು ಅಭ್ಯಾಸ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರ ಕ್ಷೇತ್ರದ ಮತದಾನ ಶೇಕಡಾ 54ರ ಆಸುಪಾಸು. ರಾಜ್ಯದ ಒಟ್ಟು ಪ್ರಮಾಣ 70ನ್ನು ದಾಟಿತ್ತು. ಬೆಂಗಳೂರಿನವರು ಸೋಮಾರಿಗಳು ಎಂದು ಎಲ್ಲರೂ ಬೈದೆವು. ಆದರೆ ಛೇದದಲ್ಲಿರುವುದು ಪಟ್ಟಿಯ ಹೆಸರುಗಳು ಮಾತ್ರ. ಮನೆ ಬದಲಿಸಿ ಹೋದವರ ಹೆಸರು ಉಳಿದಿದ್ದರೆ ಅದು ಮತ ಹಾಕದವರ ಲೆಕ್ಕಕ್ಕೆ ಸೇರುತ್ತದೆ. ಹೆಸರೇ ಇಲ್ಲದ ಆ ವಿದ್ಯಾರ್ಥಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವನು ಸೋಮಾರಿಯಾಗಿರಲಿಲ್ಲ, ಸಾಲಿನಲ್ಲಿ ನಿಂತಿದ್ದ.

ಹೆಸರಿಗೆ ಎಷ್ಟು ಬೆಲೆ ಎಂಬುದನ್ನು ನಮ್ಮ ಮೊದಲ ಮಹಾಚುನಾವಣೆಯೇ ತೋರಿಸಿತು. 1951–52ರ ಆ ಚುನಾವಣೆಗೆ ಪಟ್ಟಿ ತಯಾರಿಸುವಾಗ ದೇಶದ ಅನೇಕ ಮಹಿಳೆಯರು ಸ್ವಂತ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಇಂದು ವರ್ತೂರಿನ ಹುಡುಗಿ ನಮೂನೆ 6ರಲ್ಲಿ ತನ್ನ ಹೆಸರು ಬರೆಯುವಾಗ ಆ ಅಜ್ಜಿಯರ ಬಾಕಿಯನ್ನೂ ತೀರಿಸುತ್ತಿದ್ದಾಳೆ.

ಒಂದು ಮತದಿಂದ ವರ್ತೂರು ಕೆರೆಯ ನೊರೆ ನಿಂತೀತೇ ಎಂದು ಯಾರಾದರೂ ಕೇಳಬಹುದು. ಒಂದರಿಂದ ನಿಲ್ಲಲಿಕ್ಕಿಲ್ಲ. ಆದರೆ 2015ರಲ್ಲಿ ಆಯ್ಕೆಯಾದ ಮಹಾನಗರ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, ಕೆರೆಯ ಬಗ್ಗೆ, ರಸ್ತೆಯ ಬಗ್ಗೆ ಕೇಳಲು ವಾರ್ಡಿಗೊಬ್ಬ ಚುನಾಯಿತ ಪ್ರತಿನಿಧಿಯಿಲ್ಲದೆ ಬೆಂಗಳೂರು ವರ್ಷಗಟ್ಟಲೆ ಕಳೆಯಿತು. ಮತವಿಲ್ಲದ ಊರು ಹೇಗಿರುತ್ತದೆಂದು ನಾವೇ ನೋಡಿದ್ದೇವೆ.

ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ವರ್ಷ ಒಂದು ದಿನ, ಒಂದು ಪಾಠದ ಅವಧಿಯನ್ನು ಇದಕ್ಕೆ ಕೊಡಿ. ಅಂಕಪಟ್ಟಿಯ ನಕಲು, ಭಾವಚಿತ್ರ ತರಲು ಮೊದಲೇ ತಿಳಿಸಿ. ಬಿಎಲ್‌ಒ ಅವರನ್ನು ಕರೆಸಿ. ಯಾರಿಗೆ ಮತ ಹಾಕಬೇಕೆಂದು ಹೇಳುವುದು ನಮ್ಮ ಕೆಲಸವಲ್ಲ. ಹಾಕಲು ಬಂದವರು ಬರಿಗೈಯಲ್ಲಿ ಹಿಂದಿರುಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.