ಬೀದಿ ದೀಪ ಕೆಟ್ಟರೆ ಯಾರಿಗೆ ಹೇಳ್ಬೇಕು? ಬಡಾವಣೆ ಸಂಘ ಏನು ಮಾಡಬಹುದು, ಏನು ಮಾಡಬಾರದು

ಬೆಂಗಳೂರಲ್ಲಿ ನಿಮ್ಮ ಮನೆ ಮುಂದಿನ ಬೀದಿ ದೀಪ ಕೆಟ್ಟಿದೆ ಅಂತ ಇಟ್ಕೊಳ್ಳಿ. ಯಾರಿಗೆ ಫೋನ್ ಮಾಡ್ತೀರಿ? ತುಂಬಾ ಜನ ಬೆಸ್ಕಾಂ ಅಂತಾರೆ. ಮನೆಗೆ ಕರೆಂಟ್ ಹೋದ್ರೆ, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋದ್ರೆ ಬೆಸ್ಕಾಂ ಸರಿ, ನಂಬರ್ 1912. ಆದ್ರೆ ಬೀದಿ ದೀಪ ಪಾಲಿಕೆಗೆ ಸೇರಿದ್ದು, ಅದಕ್ಕೆ 1533. ಮ್ಯಾನ್‌ಹೋಲ್ ಉಕ್ಕಿ ಕೊಳಚೆ ರಸ್ತೆಗೆ ಬಂತಾ? ಜಲಮಂಡಳಿ, 1916. ಅದರ ಪಕ್ಕದಲ್ಲೇ ಇರೋ ಮಳೆನೀರಿನ ಚರಂಡಿ ಕಟ್ಕೊಂಡ್ರೆ ಮತ್ತೆ ಪಾಲಿಕೆ.

ಒಂದೇ ರಸ್ತೆ, ಮೂರು ಕಚೇರಿ. ಕೆಲಸ ಬಿಟ್ಟು ಒಬ್ಬೊಬ್ಬರೇ ಅಲೆದಾಡಿದ್ರೆ ಸಾಕಾಗಿ ಹೋಗುತ್ತೆ. ಈ ಓಡಾಟ ಹಂಚ್ಕೊಳ್ಳೋಕೆ ಅಂತಾನೇ ಇರೋದು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ. ಗಣೇಶನ್ನ ಕೂರಿಸೋದು, ನವೆಂಬರ್‌ನಲ್ಲಿ ಬಾವುಟ ಹಾರಿಸೋದು, ಇಷ್ಟೇ ಇದರ ಕೆಲಸ ಅಂದ್ಕೊಂಡಿದ್ರೆ ಈ ಸಂಚಿಕೆ ನಿಮಗಾಗಿ.

ಮೊದಲು ಕಾನೂನು. ಬಡಾವಣೆ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅಡಿಯಲ್ಲಿ ನೋಂದಣಿ ಆಗುತ್ತವೆ. ಕನಿಷ್ಠ 7 ಜನ ಸೇರಿದ್ರೆ ಸಾಕು. ಬೈಲಾ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗ್ಬೇಕು, ಪದಾಧಿಕಾರಿಗಳ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿ ಕಚೇರಿಗೆ ಹೋಗ್ಬೇಕು. ಅಪಾರ್ಟ್‌ಮೆಂಟ್‌ಗಳಿಗೆ 1972ರ ಬೇರೆಯದೇ ಕಾಯ್ದೆ ಇದೆ, ಅದು ಇನ್ನೊಂದು ದಿನ.

ಇದನ್ನ ಗಮನಿಸಿ. ಈ ಕಾಯ್ದೆ ಸಂಘಕ್ಕೆ ಪಾಲಿಕೆಯ ಅಧಿಕಾರ ಕೊಡಲ್ಲ. ದಂಡ ಹಾಕೋಕೆ, ರಸ್ತೆ ಅಗೆಯೋಕೆ, ಯಾರ ಮೇಲೂ ಕ್ರಮ ತಗೊಳ್ಳೋಕೆ ಆಗಲ್ಲ. ಹಾಗಾದ್ರೆ ಸಂಘದ ಬಲ ಎಲ್ಲಿದೆ? ಬರಹದಲ್ಲಿದೆ. ಅದಕ್ಕಿರೋ ದೊಡ್ಡ ಆಸ್ತಿ ದೂರು ಪುಸ್ತಕ.

ಹೇಗೆ ಅಂತ ಹೇಳ್ತೀನಿ. ಯಾವ ಕಂಬ, ಯಾವ ಕ್ರಾಸ್, ಯಾವತ್ತು ಕೆಟ್ಟಿತು, ದೂರು ಸಂಖ್ಯೆ ಎಷ್ಟು, ಯಾರು ಬಂದು ನೋಡಿದ್ರು, ಎಲ್ಲ ಬರೆದಿಡಿ, ಫೋಟೋ ಸಮೇತ. ಇಂಜಿನಿಯರ್‌ಗೆ ಕೊಡೋ ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ. ಅಧಿಕಾರಿಗಳಿಗೆ ವರ್ಗಾವಣೆ ಆಗುತ್ತೆ, ಕಂಟ್ರಾಕ್ಟರ್ ಬದಲಾಗ್ತಾರೆ. ಹೊಸದಾಗಿ ಬಂದವರು ‘ನನಗೆ ಗೊತ್ತಿಲ್ಲ ಸಾರ್’ ಅಂದಾಗ ಹಳೇ ಪತ್ರದ ಪ್ರತಿ ಮೇಜಿನ ಮೇಲಿಟ್ಟರೆ ಮಾತು ಮುಂದೆ ಹೋಗುತ್ತೆ. ವಾಟ್ಸಾಪ್ ಗುಂಪಲ್ಲಿ ನೂರು ಮೆಸೇಜ್ ಹಾಕಿದ್ರೂ ಈ ಕೆಲಸ ಆಗಲ್ಲ.

ಉತ್ತರವೇ ಬರ್ಲಿಲ್ವಾ? ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅರ್ಜಿನ ಸದಸ್ಯರೊಬ್ಬರು ತಮ್ಮ ಹೆಸರಲ್ಲೇ ಹಾಕ್ಲಿ, ಯಾಕಂದ್ರೆ ಕಾಯ್ದೆ ಈ ಹಕ್ಕು ಕೊಟ್ಟಿರೋದು ನಾಗರಿಕರಿಗೆ.

ಬೆಂಗಳೂರಲ್ಲಿ ಸಂಘ ಬೇಕು ಅನ್ನೋದಕ್ಕೆ ಇನ್ನೂ ಒಂದು ಕಾರಣ ಇದೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ನಗರಗಳಲ್ಲಿ ವಾರ್ಡ್ ಸಮಿತಿ ಇರ್ಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತೆ. ಆದ್ರೆ ಆಗಿನ ಪಾಲಿಕೆ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗೀತು. ಅದಾದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರ್ಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಗರ ಐದು ಪಾಲಿಕೆಗಳಾಗಿ ಒಡೀತು. ಬಾಗಿಲು ತಟ್ಟೋಕೆ ಚುನಾಯಿತ ಪ್ರತಿನಿಧಿ ಇಲ್ಲದ ಕಾಲದಲ್ಲಿ ಎಷ್ಟೋ ಬಡಾವಣೆಗಳ ಪರವಾಗಿ ಮಾತಾಡಿದ್ದು ಸಂಘಗಳೇ.

ಪಟ್ಟು ಹಿಡಿದ್ರೆ ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ನೋಡಿ. ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಮಾಡ್ಕೊಂಡ್ರು, ಮರುವರ್ಷ ಬಿಬಿಎಂಪಿ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆ ವಹಿಸ್ಕೊಂಡ್ರು. ಕೆರೆ ಈಗಲೂ ಸರ್ಕಾರದ್ದೇ, ಕಾಳಜಿ ಮಾತ್ರ ಊರವರದ್ದು.

ಇನ್ನು, ಸಂಘಗಳು ಎಡವೋ ಜಾಗಗಳು. ಒಂದು, ಬೀದಿ ನಾಯಿ. ‘ನಮ್ಮ ಏರಿಯಾದಲ್ಲಿ ಯಾರೂ ಅನ್ನ ಹಾಕಬಾರದು’ ಅಂತ ಬೋರ್ಡ್ ಹಾಕಿಬಿಡ್ತಾರೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ, ಮಕ್ಕಳು ಆಡೋ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರ ಆಹಾರ ಹಾಕೋ ಜಾಗಕ್ಕೆ ವ್ಯವಸ್ಥೆ ಮಾಡೋದು ಸಂಘದ್ದೇ ಹೊಣೆ. ಕಂಡಕಂಡ ಬೀದಿಯಲ್ಲಿ ಹಾಕಬೇಡಿ, ಗುರುತಿಸಿದ ಜಾಗದಲ್ಲೇ ಹಾಕಿ ಅಂತ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳ್ತು. ಎರಡು, ಗೇಟು. ಪಾಲಿಕೆಗೆ ಹಸ್ತಾಂತರ ಆದ ರಸ್ತೆ ಸಾರ್ವಜನಿಕರದ್ದು. ಅಡ್ಡ ಗೇಟು ಹಾಕಿ ತರಕಾರಿ ಗಾಡಿಯವರನ್ನ ತಡೆಯೋ ಹಕ್ಕು ಸಂಘಕ್ಕಿಲ್ಲ.

ಮೂರನೇದು ಬೈಲಾದಲ್ಲೇ ಅಡಗಿರುತ್ತೆ. ಎಷ್ಟೋ ಸಂಘಗಳಲ್ಲಿ ಸದಸ್ಯತ್ವ ಸೈಟ್ ಮಾಲೀಕರಿಗೆ ಮಾತ್ರ. ಬಾಡಿಗೆ ಮನೆಯವರು ಅದೇ ನೀರು ಕುಡೀತಾರೆ, ಅದೇ ಗುಂಡಿಲಿ ಬೈಕ್ ಇಳಿಸ್ತಾರೆ, ಸಭೆಯಲ್ಲಿ ಮಾತ್ರ ಅವರಿಗೆ ಕುರ್ಚಿ ಇಲ್ಲ. ಮನೆಗೆಲಸದವರಿಗೆ, ಕಸ ಎತ್ತೋ ಪೌರಕಾರ್ಮಿಕರಿಗೆ ಬಡಾವಣೆ ಬಗ್ಗೆ ಪದಾಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿರುತ್ತೆ. ಅವರನ್ನ ಕೇಳೋರಿಲ್ಲ. ಅರ್ಧ ಬಡಾವಣೆ ಹೊರಗಿದ್ರೆ ಸಂಘ ಬರೆಯೋ ಪತ್ರಕ್ಕೆ ಅರ್ಧ ತೂಕ.

ಹಾಗಾಗಿ ಒಂದು ವಿನಂತಿ. ನಿಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆ ಯಾವಾಗ ಅಂತ ಕೇಳಿ, ಹೋಗಿ. ಎರಡೇ ಪ್ರಶ್ನೆ ಎತ್ತಿ: ದೂರು ಪುಸ್ತಕ ಎಲ್ಲಿದೆ? ಬಾಡಿಗೆದಾರರಿಗೆ ಸದಸ್ಯತ್ವ ಇದೆಯಾ? ಎರಡಕ್ಕೂ ಉತ್ತರ ಇಲ್ಲ ಅಂದ್ರೆ ಕೆಲಸ ಅಲ್ಲಿಂದಲೇ ಶುರು ಮಾಡಿ. ಸಂಘವೇ ಇಲ್ಲ ಅಂದ್ರೆ ಏಳು ಜನರನ್ನ ಹುಡುಕಿ.